ಅಟ್ಟ ಸೇರಿದ ಹಾಡು



ನಮ್ಮ ಶಿವಮೊಗ್ಗದಲ್ಲಿ ‘ಆರ್ಕೆಸ್ಟ್ರಾ’ ಅಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಗಣಪತಿ ಪೆಂಡಾಲು, ಬಣ್ಣದ ದೀಪ, ಕೀಬೋರ್ಡು, ಸಿನಿಮಾ ಹಾಡು, ನಡುನಡುವೆ ‘ಒನ್ಸ್ ಮೋರ್’ ಕೂಗು. ಹೀಗಾಗಿ 2022ರಲ್ಲಿ ಲಂಡನ್ನಿನ ಮಗನ ಮನೆಗೆ ಹೋಗಿದ್ದಾಗ, “ಅಮ್ಮಾ, ಆರ್ಕೆಸ್ಟ್ರಾಕ್ಕೆ ಹೋಗೋಣ. ವಿಡಿಯೋ ಗೇಮಿನ ಸಂಗೀತ ನುಡಿಸ್ತಾರೆ” ಅಂತ ಅವನು ಕರೆದರೆ ನನಗೆ ನಗು ಬಂತು. ನಗುವಿನ ಹಿಂದೆಯೇ ಒಂದು ಹಳೆಯ ಅಳುಕೂ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಅಂದು ಆಗಸ್ಟ್ 1, ಶ್ರಾವಣದ ಸೋಮವಾರ. ನನಗೆ ಒಪ್ಪೊತ್ತು. ಮಾರನೆಯ ದಿನದ ನಾಗರಪಂಚಮಿಗೆ ತಂಬಿಟ್ಟು ಕಟ್ಟಿಟ್ಟು ಹೊರಟೆ. ರಾಯಲ್ ಆಲ್ಬರ್ಟ್ ಹಾಲ್ 1871ರಲ್ಲಿ ತೆರೆದ ಗುಂಡನೆಯ ಸಭಾಂಗಣ. ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ‘ಪ್ರಾಮ್ಸ್’ ಎಂಬ ಅಲ್ಲಿಯ ಸಂಗೀತೋತ್ಸವ 1895ರಿಂದ ನಡೆದುಬಂದದ್ದು. ಅಷ್ಟು ವರ್ಷಗಳಲ್ಲಿ ಅವರು ವಿಡಿಯೋ ಗೇಮಿನ ಸಂಗೀತಕ್ಕೇ ಒಂದು ಸಂಜೆ ಮೀಸಲಿಟ್ಟದ್ದು ಅದೇ ಮೊದಲು. ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ, ನಡೆಸಿದವರು ರಾಬರ್ಟ್ ಏಮ್ಸ್. ನಡುವಿನ ಜಾಗದಲ್ಲಿ ಹುಡುಗರು ಹುಡುಗಿಯರು ನಿಂತೇ ಕೇಳುತ್ತಾರೆ. ನನ್ನ ಮಂಡಿಯ ಪುಣ್ಯ, ನಮಗೆ ಕುರ್ಚಿ ಸಿಕ್ಕಿತ್ತು.

ಪಿಟೀಲುಗಳು ಒಟ್ಟಿಗೆ ಎದ್ದಾಗ ನನಗೆ ಆಶ್ಚರ್ಯವಾದದ್ದು ಸಂಗೀತಕ್ಕಿಂತ ಆ ನಿಶ್ಶಬ್ದ. ಅಷ್ಟು ಜನ ಎಳೆಯರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಪಕ್ಕಕ್ಕೆ ನೋಡಿದೆ. ನಲವತ್ತು ದಾಟಿದ ನನ್ನ ಮಗ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ.

ಈಗ ಆ ಅಳುಕಿನ ವಿಷಯ. ಅವನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ. ನಮ್ಮ ಸವಳಂಗ ರಸ್ತೆಯ ಮನೆಯಲ್ಲಿ ಟಿ.ವಿ.ಗೆ ತಗುಲಿಸುವ ಆಟದ ಡಬ್ಬ ಒಂದಿತ್ತು. ಸಂಜೆಯಾದರೆ ಮಾರಿಯೋ ಆಟದ ಟುಂಯ್ ಟುಂಯ್ ಸದ್ದು. ದೇವರ ಮುಂದೆ ದೀಪ ಹಚ್ಚುವಾಗಲೂ ಅದೇ. ಒಂದು ದಿನ ಸಿಟ್ಟು ನೆತ್ತಿಗೇರಿ ಅದನ್ನು ಅಟ್ಟಕ್ಕೆ ಹಾಕಿದೆ. ಆಮೇಲೆ ಯಾರಿಗೂ ಹೇಳದೆ ಹಳೇ ಪೇಪರಿನವನಿಗೆ ಕೊಟ್ಟುಬಿಟ್ಟೆ. ಮಗ ಕೇಳಿದಾಗ “ನಂಗೇನು ಗೊತ್ತು?” ಅಂದೆ. ನಾಲ್ಕು ದಿನ ತಲೆ ಎತ್ತದೆ ಊಟ ಮಾಡಿದ. ಅಷ್ಟೇ.

ಬಿಡುವಿನ ವೇಳೆಯಲ್ಲಿ ಅವನೇ ವಿವರಿಸಿದ. ಮಾರಿಯೋ ಸಂಗೀತವನ್ನು 1985ರಲ್ಲಿ ಮಾಡಿದವರು ಜಪಾನಿನ ಕೋಜಿ ಕೊಂಡೊ. ಆ ಯಂತ್ರಕ್ಕೆ ಒಂದು ಸಲಕ್ಕೆ ಐದೇ ಐದು ದನಿ. ಅದರಲ್ಲೇ ರಾಗ, ತಾಳ, ಹುಡುಗ ನೆಗೆದ ಸದ್ದು ಎಲ್ಲ ಹೊಂದಿಸಬೇಕು. ನೂರು ಸಲ ಕೇಳಿದರೂ ಬೇಸರವಾಗಬಾರದು. ಇನ್ನೊಂದು ತೊಡಕು ಕೇಳಿ. ಸಿನಿಮಾದಲ್ಲಿ ದೃಶ್ಯ ಎಷ್ಟು ಹೊತ್ತೆಂದು ಮೊದಲೇ ಗೊತ್ತು. ಆಟದಲ್ಲಿ ಆಡುವವನು ಎಷ್ಟು ಹೊತ್ತು ನಿಲ್ಲುತ್ತಾನೋ, ಯಾವಾಗ ಓಡುತ್ತಾನೋ ಯಾರಿಗೆ ಗೊತ್ತು? ಸಂಗೀತ ಅವನ ಹಿಂದೆ ಹೋಗಬೇಕು. “ಹಾಗಾದ್ರೆ ಯಕ್ಷಗಾನದ ಭಾಗವತರ ಹಾಗೆ ಕಣೋ! ವೇಷಧಾರಿ ಕುಣಿದಷ್ಟು ಹೊತ್ತು ಪದ ಎಳೀತಾರೆ, ಅವನು ನಿಂತ ಕೂಡಲೇ ಮುಗಿಸ್ತಾರೆ” ಅಂದೆ. ಮಗ ನನ್ನನ್ನೇ ನೋಡಿದ. “ಇದನ್ನ ಇಪ್ಪತ್ತೈದು ವರ್ಷದ ಹಿಂದೆ ಹೇಳಿದ್ರೆ ಆಗ್ತಿತ್ತಲ್ಲಮ್ಮಾ!” ಅಂದ.

ಇಂಥ ಕಛೇರಿ ಹೊಸದೂ ಅಲ್ಲವಂತೆ. ಕೊಯಿಚಿ ಸುಗಿಯಾಮ ಎಂಬವರು ‘ಡ್ರ್ಯಾಗನ್ ಕ್ವೆಸ್ಟ್’ ಆಟಕ್ಕೆ ಬರೆದ ಸಂಗೀತವನ್ನು 1987ರಲ್ಲೇ ಟೋಕಿಯೋದಲ್ಲಿ ವಾದ್ಯವೃಂದದಿಂದ ನುಡಿಸಿದ್ದರು. ಯೊಕೊ ಶಿಮೊಮುರಾ ಎಂಬ ಹೆಣ್ಣುಮಗಳ ಕಥೆ ನನಗೆ ಹೆಚ್ಚು ತಾಗಿತು. ಸಂಗೀತ ಕಾಲೇಜಿನಲ್ಲಿ ಓದಿ ಪಿಯಾನೋ ಟೀಚರ್ ಆಗಬೇಕಿದ್ದವಳು 1988ರಲ್ಲಿ ಗೇಮ್ ಕಂಪನಿ ಸೇರಿದಳು. ಮನೆಯವರಿಗೂ ಮೇಷ್ಟ್ರುಗಳಿಗೂ ಬೇಜಾರೋ ಬೇಜಾರು. ಅಷ್ಟು ದುಡ್ಡು ಸುರಿದು ಓದಿಸಿದ್ದು ಇದಕ್ಕಾ ಅಂತ! 2021ರ ಜುಲೈ 23ರಂದು ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶದ ಆಟಗಾರರು ಹೆಜ್ಜೆ ಹಾಕಿದ್ದು ಗೇಮಿನ ಸಂಗೀತಕ್ಕೆ. ಅದರಲ್ಲಿ ಅವಳದೂ ಇತ್ತು. ನಾವೂ ಟಿ.ವಿ. ಮುಂದೆ ಕೂತು ನೋಡಿದ್ದೆವಲ್ಲ, ಗೊತ್ತೇ ಆಗಲಿಲ್ಲ!

ಹಾಲಿನಿಂದ ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ. “ಆ ಡಬ್ಬ ಕಳೆದುಹೋಗಲಿಲ್ಲ ಕಣೋ, ನಾನೇ ಕೊಟ್ಟುಬಿಟ್ಟಿದ್ದೆ” ಅಂದೆ.

“ಗೊತ್ತಮ್ಮಾ. ಗುಜರಿ ಅಂಗಡೀಲಿ ನೋಡಿದ್ದೆ. ರೇಟೂ ಕೇಳಿದ್ದೆ. ಅಷ್ಟು ದುಡ್ಡಿರಲಿಲ್ಲ.”

ಇಷ್ಟು ವರ್ಷ ಒಂದು ಮಾತು ಆಡಿರಲಿಲ್ಲ ನೋಡಿ. ಡಬ್ಬ ಹೋದದ್ದಕ್ಕಲ್ಲ, ಅಮ್ಮ ಸುಳ್ಳು ಹೇಳಿದಳಲ್ಲ ಅಂತ ಅವನು ತಲೆ ತಗ್ಗಿಸಿ ಉಂಡದ್ದು. ಅದು ನನಗೆ ತಿಳಿದದ್ದು ಆ ರಾತ್ರಿ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ವಾರ ನವುಲೆ ಕಡೆಯಿಂದ ಪರಿಚಯದ ಹೆಂಗಸೊಬ್ಬರು ಬಂದಿದ್ದರು. ಇಂಜಿನಿಯರಿಂಗ್ ಓದುವ ಮಗಳು ಗೇಮುಗಳಿಗೆ ಸಂಗೀತ ಮಾಡುವುದನ್ನು ಕಲಿಯುತ್ತಾಳಂತೆ. “ನೀವಾದ್ರೂ ಬುದ್ಧಿ ಹೇಳಿ ಅಕ್ಕಾ” ಅಂತ ಕಣ್ಣೀರು. ಅದರಲ್ಲಿ ಅನ್ನ ಹುಟ್ಟುತ್ತದೆ ಅಂತ ನಾನು ಮಾತು ಕೊಡಲಾರೆ. ಮೊದಲು ಡಿಗ್ರಿ ಮುಗಿಸಲಿ, ಜೊತೆಗೇ ಕಲಿಯಲಿ ಅಂದೆ. “ಆದ್ರೆ ಅವಳು ಮಾಡಿದ್ದನ್ನ ನೀವು ಒಂದ್ಸಲ ಕೇಳಿದ್ದೀರಾ?” ಅಂತಲೂ ಕೇಳಿದೆ. ಅವರು ಸುಮ್ಮನಾದರು.

ನೀವೂ ಅಷ್ಟೇ. ಪರೀಕ್ಷೆಯ ಹೊತ್ತಿಗೆ ಆಟಕ್ಕೆ ಗಂಟೆ ಗೊತ್ತುಮಾಡಿ, ಬೇಡವೆನ್ನುವುದಿಲ್ಲ. ತೆಗೆದಿಡಬೇಕಾದರೆ ಮಕ್ಕಳೆದುರಿಗೇ ಹೇಳಿ ತೆಗೆದಿಡಿ. ಅದಕ್ಕೂ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕೂತು, “ಇದರಲ್ಲಿ ನಿಂಗೆ ಯಾವ ಹಾಡು ಇಷ್ಟ?” ಅಂತ ಕೇಳಿ. ಒಗ್ಗರಣೆ ಸೀದರೆ ಸೀಯಲಿ, ಇನ್ನೊಂದು ಹಾಕಿಕೊಳ್ಳಬಹುದು. ಏನಂತೀರಿ?