ಸೀರೆಗೆ ಪಿನ್ನು, ಗೋಡೆಗೆ ಬಿಲ್ಲೆ

ನಮ್ಮ ನಾದಿನಿ ಹೊಸ ಮನೆಗೆ ಪಾಯ ತೆಗೆಸವ್ಳೆ. ಹೋದ ವಾರ ನೋಡ್ಕೊಂಡು ಬರೋಣ ಅಂತ ಹೋಗಿದ್ದೆ. ಕಾಫಿ ಕುಡೀತಾ ಕುಂತಿರುವಾಗ, "ಅತ್ತಿಗೆ, ಪಡುವ್ಲು ಕಡೆ ಡಬಲ್ ಗೋಡೆ ಕಟ್ಟಿ ಮಧ್ಯಕ್ಕೆ ಥರ್ಮಾಕೋಲ್ ಹಾಕ್ತೀನಿ ಅಂತವ್ರೆ ಮೇಸ್ತ್ರಿ. ಮನೆ ತಣ್ಣಗಿರ್ತದಂತೆ. ಅದಕ್ಕೆ ಬೇರೆ ದುಡ್ಡು. ಕೊಡಬೋದಾ?" ಅಂದ್ಲು.

"ಬಿಲ್ಲೆ ಹಾಕ್ತಾರಾ ಕೇಳು ಮೊದ್ಲು" ಅಂದೆ.

"ಯಾವ ಬಿಲ್ಲೆ ಅತ್ತಿಗೆ, ಜಡೆಬಿಲ್ಲೆನಾ?" ಅಂತ ನಕ್ಕಳು.

ನಗೋ ಮಾತೇ ಸರಿ. ನಾಲ್ಕು ವರ್ಷದ ಹಿಂದೆ ಯಾರಾದ್ರೂ ನಂಗೆ ಹಿಂಗಂದಿದ್ರೆ ನಾನೂ ನಗ್ತಿದ್ದೆ. ಆದ್ರೆ ಆ ಬಿಲ್ಲೆ ಇಲ್ಲದೆ ನಾನು ದುಡ್ಡು ಕಳ್ಕೊಂಡಿದೀನಿ. ಅದಕ್ಕೇ ಇವತ್ತು ಬರೀತಿದೀನಿ. ನಾದಿನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಈಗ ನಮ್ಮ ಮರಳವಾಡಿ ಕಡೆ ಮನೆ ಕಟ್ಟೋರು ಜಾಸ್ತಿ ಆಗವ್ರೆ, ಡಬಲ್ ಗೋಡೆ ಅನ್ನೋ ಮಾತೂ ಜಾಸ್ತಿ ಕೇಳಿಸ್ತೈತೆ.

ನಮ್ಮನೇಲಿ ರೇಷ್ಮೆ ಐತಲ್ಲ, ಹುಳದ ಮನೆ ಹಳೇದು ಶೀಟಿಂದು, ಬೇಸಿಗೇಲಿ ಒಲೆ ಆಗ್ತಿತ್ತು. ಹೊಸದು ಕಟ್ಟಿಸುವಾಗ ಮೋಲ್ಡ್ ಹಾಕಿಸಿ, ಪಡುವ್ಲು ಕಡೆಗೆ ನಾಲ್ಕಿಂಚಿನ ಬ್ಲಾಕಲ್ಲಿ ಎರಡು ಗೋಡೆ, ನಡುವೆ ಎರಡಿಂಚು ಸಂದು ಬಿಟ್ಟು, ಅದರೊಳಕ್ಕೆ ಒಂದಿಂಚಿನ ಥರ್ಮಾಕೋಲ್ ಹಾಳೆ ಇಳಿಬಿಟ್ರು. ಯಜಮಾನ್ರಿಗೂ ಖುಷಿ, ನಂಗೂ ಖುಷಿ. ಹುಳ ಸಾಕೋರಿಗೆ ಗೊತ್ತು, ಚಾಕಿ ಹುಳಕ್ಕೆ 27-28 ಡಿಗ್ರಿ, ತೇವ 85-90 ಬೇಕು. ದೊಡ್ಡ ಹುಳಕ್ಕೆ 24-26 ಡಿಗ್ರಿ, ತೇವ 70-75 ಸಾಕು. ಹುಳ ದೊಡ್ಡದಾದಂಗೆ ತಂಪು ಕೇಳ್ತದೆ. ಬೇಸಿಗೇಲಿ ನಾಲ್ಕನೇ ಜ್ವರ ಎದ್ದ ಮೇಲಿನ ಆ ಏಳು ದಿನಾನೇ ನಮ್ಮ ಎದೆ ಡವಡವ ಅನ್ನೋದು.

ಮೂರನೇ ಬೇಸಿಗೆ ಏಪ್ರಿಲ್‌ನಲ್ಲಿ ಬೆಳೆ ಹೋಯ್ತು. ಮಧ್ಯಾಹ್ನ ಮೂರು ಗಂಟೆಗೆ ಒಳಗೆ 34 ತೋರಿಸ್ತಿತ್ತು. ಗೋಣಿತಾಟು ನೆನೆಸಿ ನೆನೆಸಿ ಕಿಟಕಿಗೆ ಕಟ್ಟಿದ್ದಾಯ್ತು, ಫ್ಯಾನು ಆಯ್ತು. ಹಾಲುತೊಂಡೆ ಬಂತು, ಸಪ್ಪೆನೂ ಬಂತು. ಹಣ್ಣಾಗಬೇಕಾದ ಹುಳ ತಟ್ಟೇಲೇ ಕರಗಿ ಹೋಯ್ತು. ರಾಮನಗರದ ಮಾರ್ಕೆಟ್‌ಗೆ ತಗೊಂಡೋಗೋಕೆ ಗೂಡೇ ಇಲ್ಲ. ಎಲ್ಲಾ ಗೋಡೆ ತಪ್ಪೇ ಅಂತ ನಾನು ಹೇಳಲ್ಲ. ಸೊಪ್ಪು ಬಾಡಿತ್ತು, ಸುಣ್ಣ ಹೊಡಿಯೋದು ತಡ ಆಗಿತ್ತು, ಅದೂ ಸೇರ್ತು. ಆದ್ರೆ ತಂಪಿಗೆ ಅಂತ ದುಡ್ಡು ಕೊಟ್ಟಿದ್ದ ಗೋಡೆ ಮೈ ಮುಟ್ಟಿದ್ರೆ ಹಂಚಿನಂಗೆ ಸುಡ್ತಿತ್ತಲ್ಲ, ಅದು ಯಾಕೆ?

ಯಾಕೆ ಅಂತ ಗೊತ್ತಾಗಿದ್ದು ಗಾಳಿ ಎಳೆಯೋ ಫ್ಯಾನು ಕೂರ್ಸಕ್ಕೆ ಗೋಡೆ ಒಡೆದಾಗ. ಮೇಲ್ಗಡೆ ತೂತು ಮಾಡಿದ್ರೆ ಅಲ್ಲಿ ಥರ್ಮಾಕೋಲೇ ಇಲ್ಲ. ಬ್ಯಾಟರಿ ಬಿಟ್ಟು ನೋಡಿದೆ. ಹಾಳೆ ಎಲ್ಲಾ ಕುಸಿದು ಕೆಳಗೆ ಕುಂತವೆ. ಕೆಲವು ಓರೆಯಾಗಿ ಹೊರಗಿನ ಗೋಡೆಗೆ ಒರಗಿಕೊಂಡವೆ. ನಡುವೆ ಗಾರೆ ಉಂಡೆ ಸಿಕ್ಕೊಂಡವೆ. ಒಂದು ಮೂಲೇಲಿ ಇಲಿ ಕಡಿದು ಬಿಳೀ ಬಿಳೀ ಪುಡಿ ಮಾಡಿ ಗೂಡು ಕಟ್ಟೈತೆ. ನಮಗೆ ಗೂಡು ಇಲ್ಲ, ಇಲಿಗೆ ಗೂಡು!

ಅದರ ಫೋಟೋನ ಇಂಗ್ಲೆಂಡಿನಾಗಿರೋ ನಮ್ಮ ಚಿಕ್ಕಮ್ಮನ ಮಗಳಿಗೆ ಕಳಿಸ್ದೆ. ಅವಳ ಪಕ್ಕದ ಮನೆಯವರು ಆಗ ಒಂದು ರೂಮು ಕಟ್ಟಿಸ್ತಿದ್ರು. ಅವಳು ವಿಡಿಯೋ ಕಾಲ್ ಮಾಡಿ ಬೇಲಿ ಪಕ್ಕ ನಿಂತು ತೋರ್ಸಿದ್ಲು. ಅಲ್ಲೂ ಎರಡು ಗೋಡೆನೇ. ಆದ್ರೆ ಕಟ್ಟೋ ರೀತಿ ಬೇರೆ.

ಮೊದಲು ಒಳಗಿನ ಗೋಡೆ ಒಂದಷ್ಟು ಎತ್ತರ ಎಬ್ಬಿಸ್ತಾರೆ. ಅದರ ಗಾರೆ ಸಾಲಿನಲ್ಲಿ ತುಕ್ಕು ಹಿಡಿಯದ ಸ್ಟೀಲಿನ ಕಂಬಿ ಕೂರ್ಸ್ತಾರೆ. ಆ ಕಂಬಿಯ ಇನ್ನೊಂದು ತುದಿ ಹೊರಗಿನ ಗೋಡೆ ಗಾರೆಗೆ ಹೋಗ್ತದೆ, ಎರಡು ಗೋಡೆನೂ ಕೈ ಕೈ ಹಿಡ್ಕೊಂಡಂಗೆ. ಲೆಕ್ಕ ಏನು ಅಂದ್ರೆ ಅಡ್ಡಕ್ಕೆ 900 ಮಿಲಿಮೀಟರಿಗೊಂದು, ಎತ್ತರಕ್ಕೆ 450 ಮಿಲಿಮೀಟರಿಗೊಂದು. ನಮ್ಮ ಲೆಕ್ಕದಲ್ಲಿ ಅಡ್ಡ ಎರಡು ಮೊಳ, ಎತ್ತರ ಒಂದು ಮೊಳ. ಕಿಟಕಿ ಬಾಗಿಲು ಪಕ್ಕದಲ್ಲಿ ಇನ್ನೂ ಹತ್ತಿರ, 300 ಮಿಲಿಮೀಟರಿಗೊಂದು. ಶಾಖ ತಡಿಯೋ ಹಲಗೆನೂ 450 ಅಗಲದ್ದೇ ಬರ್ತದೆ, ಕಂಬಿ ಸಾಲಿನ ನಡುವೆ ಸರಿಯಾಗಿ ಕೂರ್ಲಿ ಅಂತ. ಹಲಗೆನ ಒಳಗಿನ ಗೋಡೆಗೆ ಒತ್ತಿ ನಿಲ್ಲಿಸಿ, ಆ ಕಂಬಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ತೂರ್ಸಿ ಟಕ್ ಅಂತ ಒತ್ತುತಾರೆ. ನಿಪ್ಪಟ್ಟಿನಷ್ಟು ಅಗಲ ಅಷ್ಟೇಯ. ಅದು ಹಲಗೆನ ಗೋಡೆಗೆ ಅಂಟಿಕೊಂಡಂಗೆ ಹಿಡ್ಕೊಳ್ತದೆ. ಹಲಗೆಗೂ ಹೊರಗಿನ ಗೋಡೆಗೂ ನಡುವೆ 50 ಮಿಲಿಮೀಟರ್, ಅಂದ್ರೆ ಎರಡಿಂಚು, ಖಾಲಿ ಜಾಗ ಉಳೀತದೆ.

"ಅಕ್ಕ, ಇದು ಗೋಡೆಯ ಸೇಫ್ಟಿ ಪಿನ್ನು ಕಣೇ" ಅಂದ್ಲು. ನಂಗೆ ಅಲ್ಲೇ ಅರ್ಥ ಆಗೋಯ್ತು. ಎಷ್ಟೇ ಒಳ್ಳೆ ಸೀರೆ ಉಟ್ಟರೂ ಭುಜಕ್ಕೆ ಒಂದು ಪಿನ್ನು ಹಾಕದೆ ಮದುವೆ ಮನೇಲಿ ಬಡಿಸೋಕೆ ನಿಂತ್ರೆ ಏನಾಗ್ತದೆ? ಸೆರಗು ಸಾರಿನ ಬಕೀಟಿಗೆ.

ಹಲಗೆ ಗೋಡೆಗೆ ಅಂಟಿಕೊಂಡೇ ಯಾಕಿರಬೇಕು ಅಂತ ಕೇಳ್ತೀರ. ಚಳೀಲಿ ಕಂಬಳಿ ಹೊದ್ಕೊಂಡು ಅಂಚು ಅಡಿಗೆ ಸಿಗಿಸದೆ ಮಲಗಿ ನೋಡಿ. ಕಂಬಳಿ ದಪ್ಪಕ್ಕೇ ಇರ್ತದೆ, ಆದ್ರೆ ಪಕ್ಕದಿಂದ ಗಾಳಿ ನುಗ್ಗಿ ಬೆನ್ನು ತಣ್ಣಗಾಗ್ತದೆ. ಗೋಡೆಗೂ ಹಂಗೇಯ. ಹಲಗೆ ಹಿಂದೆ ಗಾಳಿ ಓಡಾಡೋಕೆ ದಾರಿ ಸಿಕ್ಕರೆ ಆ ಗಾಳಿನೇ ಶಾಖನ ಹೊತ್ಕೊಂಡು ಹಲಗೆ ಸುತ್ತ ಬಳಸಿ ಒಳಗಿನ ಗೋಡೆಗೆ ತಂದು ಕೊಡ್ತದೆ. ಥರ್ಮಾಕೋಲ್ ಇಟ್ಟಿಗೆಗಿಂತ ಸುಮಾರು 20 ಪಟ್ಟು ಚೆನ್ನಾಗಿ ಶಾಖ ತಡೀತದೆ, ನಿಜ. ಆದ್ರೆ ಅದು ಇರಬೇಕಾದ ಕಡೆ ಇದ್ರೆ ತಾನೆ? ನಮ್ಮದು ಕುಸಿದು ಕೆಳಗೆ ಕುಂತಿತ್ತು.

ಇನ್ನೊಂದು ವಿಷ್ಯನೂ ಅವಳೇ ಹೇಳಿದ್ದು. ಆ ದೇಶದಲ್ಲಿ ಸಂದು ಬಿಡೋಕೆ ಶುರು ಮಾಡಿದ್ದು ಶಾಖಕ್ಕಲ್ಲ, ಮಳೆಗೆ. ಹೊರಗಿನ ಗೋಡೆ ನೆನೆದ್ರೂ ನೀರು ಸಂದಿನಲ್ಲೇ ಇಳಿದು ಕೆಳಗಿನ ತೂತಿಂದ ಆಚೆ ಹೋಗ್ಲಿ ಅಂತ. ಅದಕ್ಕೇ ಕಂಬಿನೂ ಹೊರಗಡೆಗೆ ಒಂಚೂರು ಇಳಿಜಾರಾಗಿ ಇಡ್ತಾರೆ. ಹಲಗೆ ಕಳಚಿ ಹೊರಗಿನ ಗೋಡೆಗೆ ಒರಗಿದ್ರೆ, ಇಲ್ಲ ಗಾರೆ ಉಂಡೆ ಕಂಬಿ ಮೇಲೆ ಕುಂತ್ರೆ, ನೀರಿಗೆ ಸೇತುವೆ ಕಟ್ಟಿಕೊಟ್ಟಂಗೆ. ಒಳಗೋಡೆಗೆ ತೇವ, ಆಮೇಲೆ ಬೂಸಲು. ಮೂಲೆ ಕೋಣೇಲಿ ಮಳೆಗಾಲದಾಗೆ ಬಟ್ಟೆ ವಾಸನೆ ಬರೋದು ಯಾಕೆ ಅಂತ ಯಾರೂ ಗೋಡೆ ಒಳಗೆ ಹುಡುಕಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಕೆಲವರಿಗೆ ಬೇಜಾರಾಗಬೋದು.

ಕಣ್ಣಿಗೆ ಕಾಣೋ ಕೆಲಸಕ್ಕೆ ನಾವು ಎಷ್ಟು ಜಗಳ ಆಡ್ತೀವಿ ನೋಡಿ. ಟೈಲ್ಸ್ ಬಣ್ಣ, ಮುಂಬಾಗಿಲ ಕೆತ್ತನೆ, ಗ್ರಾನೈಟ್ ಅಂಚು. ಮುಚ್ಚಿಹೋಗೋ ಕೆಲಸನ ಮಾತ್ರ ಗಂಡಸರಿಗೂ ಮೇಸ್ತ್ರಿಗೂ ಬಿಟ್ಟು, "ನಮಗೇನು ಗೊತ್ತಾಗ್ತದೆ" ಅಂತ ಅಡಿಗೆಮನೆಗೆ ಹೋಗ್ತೀವಿ. ಮಧ್ಯಾಹ್ನ ಮೂರು ಗಂಟೆಗೆ ಆ ಗೋಡೆ ಪಕ್ಕ ಇರೋರು ಯಾರು? ಗಂಡಸರು ಹೊಲದಾಗೆ, ಹಾರೋಹಳ್ಳಿ ಫ್ಯಾಕ್ಟ್ರೀಲಿ, ಇಲ್ಲ ಬೆಂಗಳೂರ ಬಸ್ಸಿನಾಗೆ. ಮನೇಲಿ ಇರೋದು ನಾವು, ಬಾಣಂತಿ, ಮಗ, ಮಂಚ ಹಿಡಿದ ಅತ್ತೆ. ಸೆಕೆ ತಿನ್ನೋರು ನಾವಾದ ಮೇಲೆ ಗೋಡೆ ಮುಚ್ಚೋಕೆ ಮುಂಚೆ ಒಂದ್ಸಲ ಬಗ್ಗಿ ನೋಡೋ ಹಕ್ಕೂ ನಮ್ಮದೇ.

ನಮ್ಮ ಮೇಸ್ತ್ರೀನ ನಾನು ಬೈಯಲ್ಲ. ಅವರಿಗೆ ಯಾರೂ ತೋರ್ಸಿರಲಿಲ್ಲ. ಎಲ್ಲೋ ನೋಡಿದ್ದನ್ನ ಅರ್ಧ ಮಾಡಿದ್ರು. ಆ ಅರ್ಧವೇ ತೊಂದರೆ ಆಗಿದ್ದು. ನಮ್ಮ ಗೋಡೇಲಿ ಬಿಲ್ಲೆ ಇರಲಿ, ಕಂಬಿನೇ ಇರಲಿಲ್ಲ. ಒಂದಕ್ಕೊಂದು ಹಿಡಿತ ಇಲ್ಲದ ನಾಲ್ಕಿಂಚಿನ ಎರಡು ಗೋಡೆ, ಒಂದು ಗಟ್ಟಿ ಗೋಡೆಗಿಂತ ಬಲಹೀನ. ಒಡೆದಾಗ ನಂಗೆ ಸೆಕೆಗಿಂತ ಅದೇ ಹೆದರಿಕೆ ಆಗಿದ್ದು. ಆಮೇಲೆ ಗಾರೆ ಬಿಡ್ಸಿ ಅಲ್ಲಲ್ಲಿ ಕಂಬಿ ಹೊಡ್ಸಿದ್ದಾಯ್ತು.

ಹಂಗಾದ್ರೆ ಎಲ್ಲರೂ ಬಿಲ್ಲೆ ತರಿಸಿ ಇಂಗ್ಲೆಂಡಿನಂಗೇ ಕಟ್ಟಬೇಕಾ? ಬ್ಯಾಡ. ಇದೇ ನಾನು ನಾದಿನಿಗೆ ಹೇಳಿದ್ದು. ಅವರಿಗೆ ಚಳಿ, ಒಳಗಿನ ಬಿಸಿ ನಾಲ್ಕೂ ಗೋಡೆಯಿಂದ ಆಚೆ ಹೋಗ್ತದೆ. ನಮಗೆ ಬಿಸಿಲು, ಅದು ಮೇಲಿಂದ ಇಳೀತದೆ. ಏಪ್ರಿಲ್ ಕೊನೇ ವಾರ ಮಧ್ಯಾಹ್ನ ಅಂಗಳದಲ್ಲಿ ಒನಕೆ ನಿಲ್ಲಿಸಿ ನೋಡಿ, ನೆರಳೇ ಬೀಳಲ್ಲ. ಸೂರ್ಯ ನೆತ್ತಿ ಮೇಲೇ ಇರ್ತಾನೆ. ಆಗ ಬಡಗ್ಲು ತೆಂಕ್ಲು ಗೋಡೆಗೆ ಬಿಸಿಲು ಕಮ್ಮಿ. ಬೇಯೋದು ತಾರಸಿ, ಆಮೇಲೆ ಸಾಯಂಕಾಲ ಪಡುವ್ಲು ಗೋಡೆ. ಸರ್ಕಾರದವರು 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯಲ್ಲೂ ಸೂರಿಗೇ ಬೇರೆ ಮಿತಿ ಹಾಕವ್ರೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಸೂರಿನಿಂದ 1.2 ವ್ಯಾಟ್‌ಗಿಂತ ಜಾಸ್ತಿ ಶಾಖ ದಾಟಬಾರದು ಅಂತ. ನಾವು ಹಾಕ್ಸೋ ಬರೀ ಮೋಲ್ಡಿನಿಂದ ಮೂರು ವ್ಯಾಟ್ ಮೇಲೇ ದಾಟ್ತದೆ. ಅಂದ್ರೆ ತಲೆ ಮೇಲಿನ ಕೊಡೆ ತೂತಾಗಿರೋವಾಗ ಪಕ್ಕಕ್ಕೆ ಜರತಾರಿ ಶಾಲು ಹೊದ್ದಂಗೆ ಆಯ್ತು ನಮ್ಮ ಕತೆ.

ಅದಕ್ಕೇ ನಾನು ಗೋಡೆ ಪೂರ್ತಿ ಒಡಿಸ್ಲಿಲ್ಲ. ತಾರಸಿಗೆ ಬಿಳೀ ಸುಣ್ಣ ಹೊಡ್ಸಿ, ಬೇಸಿಗೇಲಿ ಅದರ ಮೇಲೆ ಒಂದು ಮೊಳ ಎತ್ತರಕ್ಕೆ ತೆಂಗಿನ ಗರಿ ಚಪ್ಪರ ಹಾಕ್ಸಿದೆ. ಪಡುವ್ಲು ಗೋಡೆ ಮುಂದೆ ಹೀರೇ ಬಳ್ಳಿ ಹಬ್ಬಿಸಿದೆ. ಮಾರನೇ ಏಪ್ರಿಲ್ ಅದೇ ಮೂರು ಗಂಟೆಗೆ 30 ತೋರಿಸ್ತು. 24 ಅಲ್ಲ, ನಿಜ. ಆದ್ರೆ ಗೋಣಿತಾಟು ಕಟ್ಟಿದ್ದು ಈಗ ಕೆಲಸ ಮಾಡ್ತು, ಹುಳ ಚಂದ್ರಿಕೆ ಹತ್ತಿದ್ವು.

ಹೊಸದಾಗಿ ಕಟ್ಟೋರಿಗೆ ಬೇರೆ ದಾರಿನೂ ಅವೆ. ಕೇರಳದಲ್ಲಿ ನೆಲೆ ನಿಂತ ಲಾರಿ ಬೇಕರ್ ಅವರು ಇಟ್ಟಿಗೆನ ಮಲಗಿಸದೆ ಪಕ್ಕಕ್ಕೆ ನಿಲ್ಲಿಸಿ ಕಟ್ಟೋದನ್ನ ಹೇಳಿಕೊಟ್ಟವ್ರೆ. ರ‍್ಯಾಟ್ ಟ್ರ್ಯಾಪ್ ಅಂತಾರೆ, ಇಲಿಬೋನಿನ ಕಟ್ಟು. ಒಂಬತ್ತಿಂಚಿನ ಗೋಡೆ ಒಳಗೇ ಸಂದು ಬಂದುಬಿಡ್ತದೆ. ಅಡ್ಡ ಇಟ್ಟಿಗೆನೇ ಎರಡು ಪಕ್ಕನೂ ಹಿಡ್ಕೊಳ್ತದೆ, ಕಂಬಿ ಬ್ಯಾಡ, ತುಂಬೋದು ಬ್ಯಾಡ, ಇಟ್ಟಿಗೆನೂ ಕಾಲು ಭಾಗದಷ್ಟು ಉಳೀತದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ಕೂಟದವರು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಕೆಗೆ ತಂದ್ರು. ನಮ್ಮಜ್ಜಿ ಮನೆಯ ಒಂದೂವರೆ ಅಡಿ ಮಣ್ಣುಗೋಡೆ ನೆನೆಸ್ಕೊಳ್ಳಿ, ಮಧ್ಯಾಹ್ನದ ಬಿಸಿಲು ಒಳಗೆ ಬರೋ ಹೊತ್ತಿಗೆ ರಾತ್ರಿ ಆಗಿರ್ತಿತ್ತು.

ಇಷ್ಟೆಲ್ಲಾ ಕೇಳಿನೂ "ಇಲ್ಲ, ಡಬಲ್ ಗೋಡೆನೇ ಬೇಕು" ಅನ್ನೋರು ಕಟ್ಟಿಸಿ, ತಪ್ಪಿಲ್ಲ. ಆದ್ರೆ ಇವಿಷ್ಟು ನೋಡ್ಕೊಳ್ಳಿ. ಕಂಬಿ ತುಕ್ಕು ಹಿಡಿಯದ ಸ್ಟೀಲಿಂದಾ ಅಂತ ಕೇಳಿ, ಮೊಳ ಹಾಕಿ ಅಳೀರಿ. ಹಲಗೆ ಒಳಗಿನ ಗೋಡೆಗೆ ಅಂಟಿರಬೇಕು, ಬೆರಳು ತೂರಬಾರದು. ಹಲಗೆ ಹಲಗೆ ನಡುವೆ ಸಂದಿ ಇರಬಾರದು. ಪ್ರತಿ ಕಂಬೀಲೂ ಬಿಲ್ಲೆ ಒತ್ತವ್ರಾ ನೋಡಿ. ಬಿಲ್ಲೆ ಸಿಗ್ಲಿಲ್ಲ ಅಂದ್ರೆ ಹಲಗೆ ಜಾರದಂಗೆ ಇನ್ನೇನು ಹಿಡಿತ ಕೊಡ್ತೀರ ಅಂತ ಮೇಸ್ತ್ರಿ ಬಾಯಲ್ಲೇ ಹೇಳಿಸಿ. ಉತ್ತರ ಇಲ್ಲ ಅಂದ್ರೆ ಆ ದುಡ್ಡು ತಾರಸಿಗೆ ಹಾಕಿ. ಸಾಯಂಕಾಲ ಕೆಲಸ ನಿಲ್ಲಿಸೋಕೆ ಮುಂಚೆ ಸಂದಿಗೆ ಬಿದ್ದ ಗಾರೆ ತೆಗಿಸಿ. ಗೋಡೆ ಮೇಲಿನ ಬಾಯಿ, ಕಿಟಕಿ ಪಕ್ಕ, ಇಲಿ ಹೋಗದಂಗೆ ಮುಚ್ಚಿಸಿ. ಥರ್ಮಾಕೋಲ್ ಹಾಳೆ ಒಳಗಡೆ ಬರೀ ಮೈಯಲ್ಲಿ ಇರೋದು ಮಾತ್ರ ಬ್ಯಾಡವೇ ಬ್ಯಾಡ, ಕಿಡಿ ತಗುಲಿದ್ರೆ ಹತ್ಕೊಂಡು ಕರೀ ಹೊಗೆ ಉಗುಳ್ತದೆ.

ನಾದಿನಿ ಮೊನ್ನೆ ಫೋನ್ ಮಾಡಿದ್ಲು. ಮೇಸ್ತ್ರಿನ ಕೇಳಿದ್ಲಂತೆ. ಅವರು, "ಮುಚ್ಚಿಹೋಗೋದಕ್ಕೆ ಬಿಲ್ಲೆ ಯಾಕಮ್ಮ, ಯಾರು ನೋಡ್ತಾರೆ?" ಅಂದ್ರಂತೆ.

"ನೀನೇನಂದೆ?" ಅಂದೆ.

"ನಾನು ನೋಡ್ತೀನಿ ಅಂದೆ ಅತ್ತಿಗೆ. ಗೋಡೆ ಎಬ್ಬಿಸೋ ದಿನ ಬುತ್ತಿ ಕಟ್ಕೊಂಡು ಅಲ್ಲೇ ಕುಂತ್ಕೊಳ್ತೀನಿ ಅಂದೆ. ನೀವೂ ಬನ್ನಿ" ಅಂದ್ಲು.

ಹೋಗ್ತೀನಿ. ನಿಪ್ಪಟ್ಟು ಮಾಡ್ಕೊಂಡು ಹೋಗ್ತೀನಿ, ಅಳತೆಗೂ ಆಯ್ತು, ತಿನ್ನಕ್ಕೂ ಆಯ್ತು.