ಪುಸ್ತಕ ಮುಚ್ಚಿಸಿ ಕೇಳಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ, ತಂದೆತಾಯಂದಿರಲ್ಲಿ ಒಂದು ಮನವಿ.

ಎಸ್ಸೆಸ್ಸೆಲ್ಸಿ ಹತ್ತಿರ ಬಂದರೆ ಬೆಳಿಗ್ಗೆ, ಸಂಜೆ ವಿಶೇಷ ತರಗತಿ. ಮನೆಗೆ ಬಂದರೆ ಮತ್ತೆ ‘ಓದ್ಕೊ, ಓದ್ಕೊ’. 2020ರಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮದು. ದುಡಿಮೆಯ ಬಗ್ಗೆ ತಕರಾರಿಲ್ಲ. ಆ ಹೆಚ್ಚುವರಿ ಗಂಟೆಯಲ್ಲಿ ಮಕ್ಕಳು ಏನು ಮಾಡುತ್ತಾರೆ ಎಂಬುದೇ ಪ್ರಶ್ನೆ.

ಅದೇ ಪಾಠವನ್ನು ನಾಲ್ಕನೇ ಸಲ ಓದುವ ಹುಡುಗಿಗೆ ಸಾಲುಗಳು ಸಲೀಸಾಗಿ ಸಾಗುತ್ತವೆ. ‘ಬರುತ್ತೆ ಸಾರ್’ ಅನ್ನುತ್ತಾಳೆ. ಸುಳ್ಳು ಹೇಳುತ್ತಿಲ್ಲ; ಪುಸ್ತಕ ಕಣ್ಣೆದುರಿಗಿದ್ದರೆ ಯಾರಿಗಾದರೂ ಹಾಗೇ ಅನ್ನಿಸುವುದು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಗುಂಪಿಗೆ ಪಾಠವನ್ನು ನಾಲ್ಕು ಅವಧಿ ಓದಿಸಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ನೋಡದೆ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಓದಿದವರೇ ಮುಂದೆ: ಶೇ. 83, ಬರೆದವರದು 71. ವಾರ ಕಳೆದ ಮೇಲೆ ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ 61. ಚೆನ್ನಾಗಿ ನೆನಪಿರುತ್ತದೆಂಬ ಭರವಸೆ ಮಾತ್ರ ಹೆಚ್ಚಾಗಿದ್ದದ್ದು ಬರೀ ಓದಿದವರಿಗೇ!

ಇದರ ತಿರುವುಮುರುವೂ ಉಂಟು. ಇನ್ನೂ ಕೆಲವು ಸಲ ಓದಿದರೆ ಎಷ್ಟು ನೆನಪಾಗಬಹುದು ಎಂದು ಮನೋವಿಜ್ಞಾನಿಗಳಾದ ಕಾರ್ನೆಲ್ ಮತ್ತು ಬ್ಯೋರ್ಕ್ ಮೊದಲೇ ಕೇಳಿದರೆ, ಜನ ಹೆಚ್ಚೇನೂ ಆಗದು ಎಂದೇ ಅಂದಾಜು ಕಟ್ಟಿದರು. ನಿಜಕ್ಕೂ ಬಹಳ ಹೆಚ್ಚಿತು. ಹಿಂದಿನ ಬೆಂಚಿನ ‘ನನಗೆ ಬರಲ್ಲ’ ಕೂಡ ಅಷ್ಟೇ ಪೊಳ್ಳು. ನಮ್ಮ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಏನನ್ನೂ ಪ್ರಶ್ನಿಸದೆ ಒಪ್ಪಬೇಡಿ ಎನ್ನುತ್ತಿದ್ದರಲ್ಲ, ‘ಬರುತ್ತೆ’, ‘ಬರಲ್ಲ’ ಎಂಬ ಈ ಎರಡು ಮಾತನ್ನೂ ಪ್ರಶ್ನಿಸಬೇಕಾದವುಗಳ ಪಟ್ಟಿಗೆ ಸೇರಿಸಿಕೊಳ್ಳಿ.

ಅದಕ್ಕೇ, ವಿಶೇಷ ತರಗತಿಯ ಕೊನೆಯ ಹದಿನೈದು ನಿಮಿಷ ಪುಸ್ತಕ ಮುಚ್ಚಿಸಿ. ಹತ್ತು ಪ್ರಶ್ನೆಯಲ್ಲಿ ಎಷ್ಟು ಬರುತ್ತದೆಂದು ಮೊದಲು ಹಾಳೆಯ ಮೂಲೆಯಲ್ಲಿ ಬರೆಯಲಿ, ಆಮೇಲೆ ಉತ್ತರ. ಪುಸ್ತಕ ತೆರೆದು ತಾವೇ ತಿದ್ದಿಕೊಂಡು, ಎರಡು ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಿ. ಆ ಅಂಕ ರಿಜಿಸ್ಟರಿಗೆ ಹೋಗಕೂಡದು. ಹೋದರೆ ಮರುದಿನದಿಂದಲೇ ಕಾಪಿ ಶುರು. ವಾರ ಬಿಟ್ಟು ಅವೇ ಪ್ರಶ್ನೆ ಮತ್ತೆ ಕೇಳಿ.

‘ನಮಗೆ ಓದು ಬರಲ್ಲ, ಏನು ಕೇಳೋದು’ ಎನ್ನುವ ಅಪ್ಪ ಅಮ್ಮಂದಿರೇ, ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಲೇ ‘ಇವತ್ತಿನ ಪಾಠ ಪುಸ್ತಕ ನೋಡದೆ ಹೇಳು’ ಎನ್ನಿ. ಮನೆಮಾತು ತೆಲುಗಾದರೆ ತೆಲುಗಿನಲ್ಲೇ ಹೇಳಲಿ. ತಡವರಿಸಿದರೆ ಬೈಯಬೇಡಿ, ಸ್ವಲ್ಪ ಕಾಯಿರಿ. ಎಲ್ಲಿ ನಿಂತುಹೋಯಿತೋ, ರಾತ್ರಿಯ ಓದು ಅಲ್ಲಿಂದ ಶುರುವಾಗಲಿ.