ಕಿವಿ ಮುಚ್ಚಿಸಿ ಹಾಡಸಬ್ಯಾಡ್ರಿ

ಗ್ಯಾದರಿಂಗ್ ಬಂತಂದ್ರ ಸಾಲಿಯೊಳಗ ಮಕ್ಕಳಿಗೆ ರೌಂಡ್ ಹಾಡು ಕಲಸ್ತಾರ. ಹಾಡು ಒಂದ, ಧಾಟಿ ಒಂದ. ಮೊದಲನೇ ಗುಂಪು ಎರಡನೇ ಸಾಲಿಗೆ ಬಂದ ಕೂಡ್ಲೆ ಇನ್ನೊಂದು ಗುಂಪು ಮೊದಲಿಂದ ಎತ್ಕೋಬೇಕು. ಕಲಸೋದು ಹೆಂಗ? 'ಅವರ ಕಡೆ ಲಕ್ಷ್ಯ ಕೊಡಬ್ಯಾಡ, ಕಿವಿ ಮುಚ್ಕೊಂಡು ನಿಂದು ನೀ ಹಾಡು!' ಅಲ್ರೀ, ಒಬ್ಬರದೊಬ್ಬರು ಕೇಳಲಾರದಂಗ ಹಾಡೋದಾದ್ರ ಕೂಡಿ ಯಾಕ ಹಾಡಬೇಕು ಅಂತೀನಿ ನಾ. ಅದರಾಗ ಮೊಬೈಲಿನ ಟ್ರ್ಯಾಕ್ ಬ್ಯಾರೆ. ಅದು ಯಾರ ಸಲುವಾಗಿಯೂ ನಿಲ್ಲೂದಿಲ್ಲ, ಸಣ್ಣವ ಹಿಂದ ಬಿದ್ರ ಬಿದ್ದ.

ಫ್ರಾನ್ಸಿನ 'ಫ್ರೇರ್ ಜಾಕ್' ತಗೊಳ್ರಿ. ನಾಲ್ಕು ಸಾಲು, ಒಂದೊಂದು ಎರಡೆರಡು ಸಲ. ಮೊದಲ ಎಲ್ಲಾರೂ ಕೂಡಿ ಬಾಯಿಪಾಠ ಆಗೂತನಕ ಹಾಡ್ರಿ, ವಾರ ಹೋದ್ರ ಹೋಗ್ಲಿ. ಆಮ್ಯಾಲೆ ಎರಡ ಗುಂಪು ಸಾಕು, ನಾಲ್ಕು ಬ್ಯಾಡ. ಹಾರ್ಮೋನಿಯಂ ಪೆಟ್ಟಿಗ್ಯಾಗ ಸ-ಪ ಒತ್ತಿ ಹಿಡದ್ರ ಮುಗೀತು, ಕಡೀತನಕ ಬದಲಸೂದು ಬ್ಯಾಡ. ಪೆಟ್ಟಿಗಿ ಇಲ್ಲಾ? ಕಡೀ ಸಾಲಂದ್ರ ಸ, ಕೆಳಗಿನ ಪ, ಮತ್ತ ಸ, ಅಷ್ಟ. ಅದನ್ನ ಒಬ್ಬರು ಮತ್ತ ಮತ್ತ ಹಾಡ್ಕೋತ ಇದ್ರ ಅದೇ ಪಕ್ಕವಾದ್ಯ.

ಯಾರಿಗೆ ಕೊಡೂದು ಅದನ್ನ? 'ಇವಂಗ ಸ್ವರ ಇಲ್ಲ, ಬರೇ ತುಟಿ ಆಡಸು' ಅಂತ ಹಿಂದ ನಿಲ್ಲಿಸಿರ್ತೀರಲ್ಲಾ, ಆ ಹುಡುಗಗ ಕೊಡ್ರಿ.